ಬಿಟ್ಟವರ ಸಂಗ: ಕುಡಿತದಿಂದ ಹೊರಬರಲು ನೆರವಾಗುವ ಕೂಟಗಳು

ಕುಡಿತ ಬಿಡಬೇಕೆನ್ನುವವರೂ ಈಗಾಗಲೇ ಬಿಟ್ಟವರೂ ನಿಗದಿತ ದಿನ, ನಿಗದಿತ ಹೊತ್ತಿಗೆ ಒಂದೆಡೆ ಸೇರಿ, ತಮ್ಮ ಅನುಭವ ಹೇಳಿಕೊಂಡು, ಮುಂದಿನ ಸಭೆಯವರೆಗೆ ಕುಡಿಯದೆ ಉಳಿಯಲು ಒಬ್ಬರಿಗೊಬ್ಬರು ನೆರವಾಗುವ ವ್ಯವಸ್ಥೆಗೆ ಬೆಂಬಲ ಗುಂಪು ಎನ್ನುತ್ತಾರೆ. ಇಂಥ ಕೂಟದಲ್ಲಿ ವೈದ್ಯರಿರುವುದಿಲ್ಲ, ಔಷಧ ಕೊಡುವುದಿಲ್ಲ, ಶುಲ್ಕ ಕೇಳುವುದಿಲ್ಲ. ಅಲ್ಲಿ ಮಾತಾಡುವವರ ಅರ್ಹತೆ ಒಂದೇ: ಅವರೂ ಒಂದು ಕಾಲಕ್ಕೆ ಕುಡಿದು ಹಾಳಾದವರು. ಆಲ್ಕೊಹಾಲಿಕ್ಸ್ ಅನಾನಿಮಸ್ ಅಥವಾ ಎ.ಎ. ಇವುಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು. ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲಿ ಅದಕ್ಕಿಂತ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಹುಟ್ಟಿದ ನವಜೀವನ ಸಮಿತಿಗಳು.

ಇವುಗಳ ಅಗತ್ಯ ಎಷ್ಟಿದೆ ಎಂಬುದನ್ನು ಅಂಕಿಗಳೇ ಹೇಳುತ್ತವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಮಂದಿ ಕುಡಿಯುತ್ತಾರೆ. ಇವರಲ್ಲಿ ಸುಮಾರು 5.7 ಕೋಟಿ ಜನಕ್ಕೆ ಕುಡಿತದಿಂದಾದ ತೊಂದರೆಗೆ ನೆರವು ಬೇಕು, ಸುಮಾರು 2.9 ಕೋಟಿ ಜನ ಮದ್ಯವಿಲ್ಲದೆ ಇರಲಾರದ ಅವಲಂಬನೆಯ ಸ್ಥಿತಿ ತಲುಪಿದವರು. ಹೀಗೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು. ಇಷ್ಟು ಜನಕ್ಕೆ ಸಾಲುವಷ್ಟು ಮನೋವೈದ್ಯರು ದೇಶದಲ್ಲಿಲ್ಲ, ಸದ್ಯಕ್ಕೆ ಆಗುವ ಲಕ್ಷಣವೂ ಇಲ್ಲ. ಹಣ ಬೇಡದ, ಹಾಸಿಗೆ ಬೇಡದ, ಪರಿಣತರೂ ಬೇಡದ ಬೆಂಬಲ ಗುಂಪಿಗೆ ಮಹತ್ವ ಬರುವುದು ಇಲ್ಲೇ.

ಮಹತ್ವಕ್ಕೆ ಇನ್ನೊಂದು ಕಾರಣವಿದೆ. ಕುಡಿತವನ್ನು ನಿಲ್ಲಿಸುವುದು ಒಂದು ಕೆಲಸ, ನಿಲ್ಲಿಸಿದ ಮೇಲೆ ಹಾಗೇ ಉಳಿಯುವುದು ಬೇರೆಯೇ ಕೆಲಸ. ಮೊದಲನೆಯದನ್ನು ಬಹಳ ಜನ ಹಲವು ಸಲ ಮಾಡಿರುತ್ತಾರೆ. ದೇವರ ಮುಂದೆ ಆಣೆ ಇಟ್ಟು ಬಿಟ್ಟವರು, ಮಗಳ ತಲೆ ಮುಟ್ಟಿ ಬಿಟ್ಟವರು, ಕಾಮಾಲೆಯಾಗಿ ಡಾಕ್ಟರು ಹೆದರಿಸಿದ್ದಕ್ಕೆ ಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. ಅಯ್ಯಪ್ಪನ ಮಾಲೆ ಹಾಕಿದವರನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ವರ್ಷವಿಡೀ ಕುಡಿಯುವವರು ವ್ರತದ 41 ಅಥವಾ 48 ದಿನ ಒಂದು ಹನಿ ಮುಟ್ಟುವುದಿಲ್ಲ. ಮೈಮೇಲೆ ಕಪ್ಪು ಬಟ್ಟೆ, ಊರೆಲ್ಲ ‘ಸ್ವಾಮಿ’ ಎಂದು ಕರೆಯುವ ಮರ್ಯಾದೆ, ಸಂಜೆಗೆ ಭಜನೆ, ಜೊತೆಗೆ ಅದೇ ವ್ರತ ಹಿಡಿದ ಹತ್ತಾರು ಮಂದಿ. ಶಬರಿಮಲೆಗೆ ಹೋಗಿಬಂದು ಮಾಲೆ ತೆಗೆದರೆ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಎಷ್ಟೋ ಜನ ಅದೇ ವಾರ ಬಾರಿಗೆ ಮರಳುತ್ತಾರೆ. ಅವರಿಗೆ ಮನೋಬಲ ಇಲ್ಲ ಎನ್ನುವುದು ನ್ಯಾಯವಲ್ಲ. ಒಂದೂವರೆ ತಿಂಗಳು ತೋರಿಸಿದ ಬಲಕ್ಕೆ ಆಮೇಲೆ ಆಸರೆ ಸಿಗಲಿಲ್ಲ, ಅಷ್ಟೆ. ಸಂಜೆ ಆರು ಗಂಟೆಗೆ ಎಲ್ಲಿಗೆ ಹೋಗಬೇಕು, ಯಾರ ಜೊತೆ ಕೂರಬೇಕು ಎಂಬ ಪ್ರಶ್ನೆಗೆ ಬಾರಿನ ಬಳಿ ಸಿದ್ಧ ಉತ್ತರವಿದೆ. ಬೆಂಬಲ ಗುಂಪು ಕೊಡುವುದು ಅದೇ ಪ್ರಶ್ನೆಗೆ ಇನ್ನೊಂದು ಉತ್ತರ.

ಆದರೆ ಗುಂಪಿಗೆ ಹೋಗುವ ಮುನ್ನ ಮುಗಿಸಬೇಕಾದ ಕೆಲಸವೊಂದಿದೆ, ಅದನ್ನು ಬಿಟ್ಟರೆ ಜೀವಕ್ಕೇ ಕುತ್ತು. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ, ಆ ನಡುಕ ನಿಲ್ಲಿಸಲೆಂದೇ ಒಂದು ಕ್ವಾರ್ಟರ್ ತೆಗೆಯುವ ಸ್ಥಿತಿಗೆ ಬಂದವರು ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು. ಕೊನೆಯ ಗುಟುಕಿನಿಂದ ಆರರಿಂದ ನಲವತ್ತೆಂಟು ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಶುರುವಾಗುತ್ತದೆ: ಬೆವರು, ಜ್ವರ, ಹೊತ್ತುಗೊತ್ತು ತಿಳಿಯದ ಗೊಂದಲ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಯಾರೋ ಹೊಡೆಯಲು ಬಂದರೆಂದು ಓಡುವುದು. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿದೆ ಎಂದು ತಿಳಿದು ಮಂತ್ರ ಹಾಕಿಸಲು ಕರೆದೊಯ್ಯುವುದೂ ಉಂಟು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವು ಬರಬಹುದು. ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡು, ನಡುಕ ಇಳಿಸುವ ಮಾತ್ರೆಗಳನ್ನು ಕ್ರಮವಾಗಿ ಕಡಿಮೆ ಮಾಡುತ್ತ, ಥಯಮಿನ್ ಎಂಬ ಬಿ-1 ಜೀವಸತ್ವ ಕೊಟ್ಟು ಈ ಹಂತ ದಾಟಿಸುತ್ತಾರೆ. ವರ್ಷಗಟ್ಟಲೆ ಕುಡಿದವರಲ್ಲಿ ಥಯಮಿನ್ ಕೊರತೆ ಮಿದುಳಿಗೆ ಮಾಡುವ ಹಾನಿ ಕೆಲವೊಮ್ಮೆ ಮರಳಿ ಸರಿಹೋಗುವುದೇ ಇಲ್ಲ. ಆದ್ದರಿಂದ ಮೊದಲು ವೈದ್ಯರು, ಆಮೇಲೆ ಗುಂಪು. ಇವೆರಡರ ನಡುವೆ ಪೈಪೋಟಿಯೂ ಇಲ್ಲ: ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳು ಬಿಡುಗಡೆಯಾಗುವ ರೋಗಿಗೆ ಮಾತ್ರೆಯ ಚೀಟಿಯ ಜೊತೆ ಗುಂಪಿಗೆ ಹೋಗುವ ಸಲಹೆಯನ್ನೂ ಕೊಡುತ್ತವೆ.

ಗುಂಪಿನ ಕಲ್ಪನೆ ಇಪ್ಪತ್ತನೇ ಶತಮಾನಕ್ಕಿಂತ ಹಳೆಯದು. 1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಆರು ಮಂದಿ ಕುಡುಕರು ಹೆಂಡದಂಗಡಿಯೊಂದರಲ್ಲೇ ಕುಳಿತು ಕುಡಿತ ಬಿಡುವ ಪಣ ತೊಟ್ಟರು. ಅವರು ಕಟ್ಟಿದ ವಾಷಿಂಗ್ಟೋನಿಯನ್ ಚಳವಳಿ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನರನ್ನು ಸೆಳೆಯಿತು. ಪಾನನಿಷೇಧದ ರಾಜಕೀಯದಲ್ಲಿ, ಒಳಜಗಳದಲ್ಲಿ ಸಿಕ್ಕು ಅಷ್ಟೇ ಬೇಗ ಕರಗಿಹೋಯಿತು. ಎ.ಎ. ಹುಟ್ಟಿದ್ದು 1935ರಲ್ಲಿ, ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ 1934ರ ಡಿಸೆಂಬರಿನಲ್ಲಿ ಕುಡಿತ ನಿಲ್ಲಿಸಿದ್ದರು. ಮುಂದಿನ ಐದು ತಿಂಗಳು ಕಂಡ ಕಂಡ ಕುಡುಕರಿಗೆ ಬುದ್ಧಿ ಹೇಳಿದರೂ ಒಬ್ಬರೂ ಬಿಡಲಿಲ್ಲ. ಕೇಳಿದವರು ಬಿಡದಿದ್ದರೂ ಹೇಳುತ್ತಿದ್ದ ಬಿಲ್ ಮಾತ್ರ ಕುಡಿಯದೆ ಉಳಿದಿದ್ದರು. ಮೇ ತಿಂಗಳಲ್ಲಿ ವ್ಯವಹಾರವೊಂದಕ್ಕೆ ಅವರು ಆಕ್ರನ್‌ಗೆ ಬಂದಾಗ ಆ ವ್ಯವಹಾರ ಮುರಿದುಬಿತ್ತು. ಕೈಯಲ್ಲಿ ಹಣವಿಲ್ಲದೆ ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದಾಗ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವರು ಟೆಲಿಫೋನ್ ಹಿಡಿದು ಊರಿನ ಪಾದ್ರಿಯೊಬ್ಬರಿಗೆ ಕರೆ ಮಾಡಿ, ಮಾತಾಡಲು ಒಬ್ಬ ಕುಡುಕ ಬೇಕೆಂದು ಕೇಳಿದರು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂದು ಬಂದ ಬಾಬ್ ಆರು ಗಂಟೆಯ ಮೇಲೆ ಕುಳಿತರು. ಬಿಲ್ ಈ ಸಲ ಉಪದೇಶ ಮಾಡದೆ ತಮ್ಮ ಕಥೆಯನ್ನಷ್ಟೇ ಹೇಳಿದ್ದರು. ಬಾಬ್ ಕೊನೆಯ ಸಲ ಕುಡಿದ ದಿನವೆಂದು ಗುರುತಿಸುವ 1935ರ ಜೂನ್ 10ನ್ನೇ ಎ.ಎ. ತನ್ನ ಹುಟ್ಟಿದ ದಿನವಾಗಿ ಇಟ್ಟುಕೊಂಡಿದೆ.

ಈ ಘಟನೆಯಲ್ಲಿ ಎ.ಎ.ಯ ಇಡೀ ವಿಧಾನದ ಬೀಜವಿದೆ. ಇನ್ನೊಬ್ಬರಿಗೆ ನೆರವಾಗುವುದು ಪರೋಪಕಾರ ಮಾತ್ರವಲ್ಲ, ನೆರವಾಗುವವರಿಗೇ ಔಷಧ. 1939ರಲ್ಲಿ ಬಂದ ಎ.ಎ.ಯ ಪುಸ್ತಕ ಹನ್ನೆರಡು ಹೆಜ್ಜೆಗಳನ್ನು ಮುಂದಿಟ್ಟಿತು: ಕುಡಿತದೆದುರು ತಾನು ಸೋತೆನೆಂದು ಒಪ್ಪುವುದು, ತನ್ನನ್ನು ಮೀರಿದ ಶಕ್ತಿಯೊಂದನ್ನು ನಂಬುವುದು, ತಪ್ಪುಗಳ ಲೆಕ್ಕ ಹಾಕಿ ಇನ್ನೊಬ್ಬರ ಮುಂದೆ ಹೇಳಿಕೊಳ್ಳುವುದು, ಕೆಡುಕು ಮಾಡಿದವರಲ್ಲಿಗೆ ಹೋಗಿ ಸರಿಪಡಿಸುವುದು, ಕೊನೆಗೆ ಇತರ ವ್ಯಸನಿಗಳಿಗೆ ಈ ಸುದ್ದಿ ಮುಟ್ಟಿಸುವುದು. 1950ರಲ್ಲಿ ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳು ಸಂಸ್ಥೆಗೆ ಸಂಬಂಧಿಸಿದವು. ಸದಸ್ಯರಾಗಲು ಕುಡಿತ ಬಿಡುವ ಆಸೆ ಇದ್ದರೆ ಸಾಕು. ಹೊರಗಿನವರಿಂದ ದೇಣಿಗೆ ಪಡೆಯುವಂತಿಲ್ಲ. ಪಾನನಿಷೇಧ ಬೇಕೆ ಬೇಡವೆ ಎಂಬುದೂ ಸೇರಿದಂತೆ ಹೊರಗಿನ ಯಾವ ವಿವಾದದಲ್ಲೂ ಅಭಿಪ್ರಾಯ ಹೇಳುವಂತಿಲ್ಲ. ಪತ್ರಿಕೆ, ರೇಡಿಯೊಗಳ ಮುಂದೆ ಸದಸ್ಯರ ಹೆಸರು ಬರಬಾರದು. ವಾಷಿಂಗ್ಟೋನಿಯನ್ನರು ಎಡವಿದ ಕಲ್ಲನ್ನು ಇವರು ದಾಟಿದ್ದು ಹೀಗೆ. ಇಂದು ಸುಮಾರು 180 ದೇಶಗಳಲ್ಲಿ ಎ.ಎ. ಗುಂಪುಗಳಿವೆ. ಭಾರತದಲ್ಲಿ ಸಭೆಗಳು 1950ರ ದಶಕದ ಕೊನೆಯಲ್ಲಿ ಶುರುವಾದವು. ಬೆಂಗಳೂರಿನಲ್ಲಿ ಇಂದು ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳ ಸಭೆಗಳು ಬೇರೆ ಬೇರೆ ಬಡಾವಣೆಗಳಲ್ಲಿ ವಾರದುದ್ದಕ್ಕೂ ನಡೆಯುತ್ತವೆ.

ಕರ್ನಾಟಕ ತನ್ನದೇ ದಾರಿಯೊಂದನ್ನೂ ಕಂಡುಕೊಂಡಿದೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಕೃಷಿ, ಉಳಿತಾಯ, ಸಾಲಗಳ ಕೆಲಸಕ್ಕೆ ಕೈ ಹಾಕಿದಾಗ, ಸ್ವಸಹಾಯ ಸಂಘದಿಂದ ಮನೆಗೆ ಹೋದ ಹಣ ಸಾರಾಯಿ ಅಂಗಡಿ ಸೇರುತ್ತಿತ್ತು. ಆ ಅನುಭವದಿಂದ ಬೆಳೆದದ್ದು ಜನಜಾಗೃತಿ ವೇದಿಕೆ ಮತ್ತು ಮದ್ಯವರ್ಜನ ಶಿಬಿರ. ಶಿಬಿರ ಎಂಟು ದಿನದ್ದು. ಊರಿನ ಕಲ್ಯಾಣಮಂಟಪವೋ ಸಮುದಾಯ ಭವನವೋ ಶಿಬಿರದ ಜಾಗವಾಗುತ್ತದೆ. ಸ್ಥಳೀಯರೇ ವ್ಯವಸ್ಥಾಪನಾ ಸಮಿತಿ ಕಟ್ಟಿ ಅಕ್ಕಿ, ತೆಂಗಿನಕಾಯಿ, ಹಣ ಕೂಡಿಸುತ್ತಾರೆ. ಹತ್ತಾರು ಮಂದಿ ವ್ಯಸನಿಗಳು ಮನೆಗೆ ಹೋಗದೆ ಅಲ್ಲೇ ತಂಗುತ್ತಾರೆ. ಆರೋಗ್ಯ ಸಹಾಯಕಿಯರು ಮೊದಲ ದಿನಗಳ ನಡುಕ, ನಿದ್ದೆಗೇಡುಗಳನ್ನು ನೋಡಿಕೊಳ್ಳುತ್ತಾರೆ. ಯೋಗ, ಭಜನೆ, ಗುಂಪು ಚರ್ಚೆ, ಆಪ್ತಸಲಹೆ ಇರುತ್ತವೆ. ಒಂದು ದಿನ ಹೆಂಡತಿ-ಮಕ್ಕಳನ್ನೂ ಕರೆಸುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟ ಗಂಡ-ಹೆಂಡತಿ ಊರವರೆದುರು ಮುಖಾಮುಖಿಯಾಗುವ ಆ ದಿನವೇ ಶಿಬಿರದ ಅತ್ಯಂತ ಕಷ್ಟದ ದಿನ. ಶಿಬಿರ ಮುಗಿಸಿದವರು ನವಜೀವನ ಸಮಿತಿಯ ಸದಸ್ಯರಾಗಿ ಆಗಾಗ ಸೇರುತ್ತಾರೆ. ನೂರು ದಿನ ಕುಡಿಯದೆ ಕಳೆದವರಿಗೆ ಶತದಿನೋತ್ಸವ ನಡೆಯುತ್ತದೆ. ಗಾಂಧಿ ಜಯಂತಿಯಂದು ಪಾನಮುಕ್ತರ ಸಮಾವೇಶಗಳಾಗುತ್ತವೆ.

ಎ.ಎ.ಗೂ ನವಜೀವನಕ್ಕೂ ಇರುವ ದೊಡ್ಡ ವ್ಯತ್ಯಾಸ ಹೆಸರಿನದು. ಎ.ಎ.ಯಲ್ಲಿ ಯಾರು ಬಂದರು, ಏನು ಹೇಳಿದರು ಎಂಬುದು ಆ ಕೋಣೆಯಲ್ಲೇ ಉಳಿಯಬೇಕು. ನವಜೀವನದಲ್ಲಿ ಬಿಟ್ಟವರನ್ನು ವೇದಿಕೆಗೆ ಕರೆದು ಹೂ ಕೊಟ್ಟು ಚಪ್ಪಾಳೆ ತಟ್ಟುತ್ತಾರೆ. ಎರಡಕ್ಕೂ ತಮ್ಮದೇ ತರ್ಕವಿದೆ. ನಗರದ ಬ್ಯಾಂಕ್ ನೌಕರರಿಗೆ, ಶಾಲೆಯ ಶಿಕ್ಷಕಿಗೆ ಗೋಪ್ಯತೆ ಇಲ್ಲದಿದ್ದರೆ ಬಾಗಿಲು ತಟ್ಟಲೂ ಧೈರ್ಯ ಬಾರದು. ಐನೂರು ಮನೆಯ ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ಮುಚ್ಚಿಡಲು ಏನೂ ಉಳಿದಿರುವುದಿಲ್ಲ; ಅಲ್ಲಿ ಬಿಟ್ಟ ಸುದ್ದಿ ಊರಿಗೆ ತಿಳಿಯುವುದೇ ಕಾವಲಾಗುತ್ತದೆ. ಆದರೆ ಸಾರ್ವಜನಿಕ ಸನ್ಮಾನಕ್ಕೆ ಒಂದು ಅಪಾಯವಿದೆ. ವೇದಿಕೆ ಹತ್ತಿದವರು ಮತ್ತೆ ಕುಡಿದರೆ ನಾಚಿಕೆ ಇಮ್ಮಡಿಯಾಗಿ ಸಭೆಯ ಕಡೆ ತಲೆ ಹಾಕುವುದನ್ನೇ ಬಿಡಬಹುದು. ಅಂಥವರ ಮನೆಗೆ ಸಮಿತಿಯವರೇ ಹೋಗಿ ಮತ್ತೆ ಕರೆದುತರುವ ಊರುಗಳಲ್ಲಿ ಮಾತ್ರ ಈ ವಿಧಾನ ಬಹುಕಾಲ ಫಲ ಕೊಡುತ್ತದೆ.

ಇವುಗಳಾಚೆಗೂ ದಾರಿಗಳಿವೆ. ಚೆನ್ನೈನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ.ಕೆ. ಆಸ್ಪತ್ರೆ ದಕ್ಷಿಣ ಭಾರತದಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಮಾದರಿಯಾಯಿತು. ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಅವರು ಕುಟುಂಬಕ್ಕೂ ಚಿಕಿತ್ಸೆಯಲ್ಲಿ ಪಾಲು ಕೊಟ್ಟರು. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ದೇವರ ಮಾತನ್ನು ಬದಿಗಿಟ್ಟು, ಕುಡಿಯಬೇಕೆನ್ನುವ ಯೋಚನೆಯನ್ನು ಹೇಗೆ ಪ್ರಶ್ನಿಸಬೇಕು ಎಂಬುದನ್ನು ಕಲಿಸುತ್ತದೆ. ಇಂಗ್ಲಿಷ್ ಬಲ್ಲವರು ಅದರ ಸಭೆಗಳನ್ನು ಆನ್‌ಲೈನ್‌ನಲ್ಲಿ ಸೇರಬಹುದು.

ಗುಂಪನ್ನು ಹುಡುಕುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಎ.ಎ.ಗೆ ಬೋರ್ಡು, ಜಾಹೀರಾತು ಕಡಿಮೆ. ಸಭೆಗಳು ಹೆಚ್ಚಾಗಿ ಶಾಲೆಯ ಕೊಠಡಿ, ಚರ್ಚಿನ ಹಾಲ್, ಆಸ್ಪತ್ರೆಯ ಮೂಲೆಯ ಕೋಣೆಗಳಲ್ಲಿ ನಡೆಯುತ್ತವೆ. ಚರ್ಚಿನ ಕಟ್ಟಡ ಕಂಡು ಮತಾಂತರವೇನೋ ಎಂದು ಅನುಮಾನ ಪಡುವವರಿದ್ದಾರೆ. ಆ ಜಾಗ ಕಡಿಮೆ ಬಾಡಿಗೆಗೆ ಸಿಗುತ್ತದೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ವಿಳಾಸ, ಸಮಯ ತಿಳಿಯಲು ಎ.ಎ.ಯ ಸಹಾಯವಾಣಿಗೆ ಕರೆ ಮಾಡಬಹುದು. ಫೋನ್ ಎತ್ತುವವರೂ ಸದಸ್ಯರೇ ಆಗಿರುತ್ತಾರೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಗಳಲ್ಲಿ ಕೇಳಿದರೆ ಹತ್ತಿರದ ಗುಂಪಿನ ಸುಳಿವು ಸಿಗುತ್ತದೆ. ಧರ್ಮಸ್ಥಳ ಯೋಜನೆಯ ಕಚೇರಿ ಹೆಚ್ಚಿನ ತಾಲ್ಲೂಕು ಕೇಂದ್ರಗಳಲ್ಲಿದೆ. ಮುಂದಿನ ಶಿಬಿರ ಎಲ್ಲಿ, ಯಾವಾಗ ಎಂಬುದನ್ನು ಅಲ್ಲಿನ ಮೇಲ್ವಿಚಾರಕರೋ ಸೇವಾಪ್ರತಿನಿಧಿಯೋ ಹೇಳುತ್ತಾರೆ. 2020ರ ಲಾಕ್‌ಡೌನ್ ಸಭೆಗಳನ್ನು ಫೋನಿನ ಪರದೆಗೂ ತಂದಿತು. ಹತ್ತಿರ ಗುಂಪಿಲ್ಲದ ಊರಿನವರಿಗೆ, ಪಾಳಿ ಕೆಲಸದವರಿಗೆ, ಹೊರದೇಶದಲ್ಲಿದ್ದು ಮನೆಮಾತಿನಲ್ಲಿ ಮನಸ್ಸು ಬಿಚ್ಚಬೇಕೆನ್ನುವವರಿಗೆ ಅದರಿಂದ ಅನುಕೂಲವಾಗಿದೆ. ಆದರೂ ಮೊದಲ ತಿಂಗಳುಗಳಲ್ಲಿ ಎದುರುಬದುರು ಕೂರುವುದೇ ಒಳ್ಳೆಯದು. ಕ್ಯಾಮೆರಾ ಆರಿಸಿ ಗ್ಲಾಸ್ ಹಿಡಿದು ಕೂರಲು ಪರದೆಯ ಮುಂದೆ ಯಾವ ಅಡ್ಡಿಯೂ ಇಲ್ಲ.

ಹುಡುಕಾಟದಲ್ಲಿ ದಾರಿ ತಪ್ಪಿಸುವ ಎರಡು ಸಂಗತಿಗಳಿವೆ. ಒಂದು, ಗೋಡೆಬರಹ ಮತ್ತು ಪತ್ರಿಕೆಯ ಸಣ್ಣ ಜಾಹೀರಾತುಗಳಲ್ಲಿ ಕಾಣುವ, ಕುಡಿಯುವವರಿಗೆ ತಿಳಿಯದಂತೆ ಅನ್ನ-ಸಾರಿನಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ. ಅದರಲ್ಲಿ ಏನಿದೆ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿದ್ದಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ವೈದ್ಯರು ಅದನ್ನು ಕೊಡುವುದು ರೋಗಿಗೆ ವಿವರಿಸಿ, ಒಪ್ಪಿಗೆ ಪಡೆದು. ಗುಟ್ಟಾಗಿ ಕೊಡುವುದು ಚಿಕಿತ್ಸೆಯಲ್ಲ, ವಿಷವಿಕ್ಕಿದಂತೆ. ಇನ್ನೊಂದು, ಹೆಸರಿಗೆ ಡಿ-ಅಡಿಕ್ಷನ್ ಸೆಂಟರ್ ಎಂದು ಬೋರ್ಡು ಹಾಕಿ ಜನರನ್ನು ಕೂಡಿಹಾಕುವ ಜಾಗಗಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ಇಂಥ ಚಿಕಿತ್ಸಾ ಕೇಂದ್ರಗಳು ನೋಂದಣಿಯಾಗಿರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ನೋಂದಣಿ ಪತ್ರ ತೋರಿಸಲು ಹಿಂಜರಿಯುವ, ವೈದ್ಯರು ಯಾವಾಗ ಬರುತ್ತಾರೆಂದು ಹೇಳದ, ಮನೆಯವರ ಜೊತೆ ಮಾತಾಡಲು ಬಿಡದ ಕೇಂದ್ರದಿಂದ ದೂರವಿರುವುದು ಮೇಲು.

ಮೊದಲ ಸಭೆಗೆ ಹೋಗುವವರ ಭಯಕ್ಕೆ ಹೆಚ್ಚಿನ ಮಟ್ಟಿಗೆ ಅಲ್ಲಿ ಏನಾಗುತ್ತದೆಂದು ತಿಳಿಯದಿರುವುದೇ ಕಾರಣ. ಎ.ಎ. ಸಭೆಗಳಲ್ಲಿ ಮುಕ್ತ ಸಭೆ, ಮುಚ್ಚಿದ ಸಭೆ ಎಂಬ ಎರಡು ಬಗೆ. ಮುಕ್ತ ಸಭೆಗೆ ಮನೆಯವರೂ ವಿದ್ಯಾರ್ಥಿಗಳೂ ಬರಬಹುದು. ಮುಚ್ಚಿದ್ದು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಜೊತೆಗೆ ಯಾರನ್ನಾದರೂ ಕರೆದೊಯ್ಯುವಂತಿದ್ದರೆ ಇದನ್ನು ಮೊದಲೇ ಕೇಳಿಕೊಳ್ಳಬೇಕು. ಒಳಗೆ ಹದಿನೈದು ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಅದರ ಮೇಲೆ ಪುಸ್ತಕಗಳು, ಗೋಡೆಗೆ ಹನ್ನೆರಡು ಹೆಜ್ಜೆಗಳನ್ನು ಬರೆದ ಬಟ್ಟೆ. ಆ ದಿನದ ಅಧ್ಯಕ್ಷತೆ ವಹಿಸಿದವರು ಪ್ರಾರ್ಥನೆಯೊಂದಿಗೆ ಶುರುಮಾಡಿ, ಒಂದಿಷ್ಟು ಓದಿ, ಮಾತಾಡಲು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಪ್ರತಿಯೊಬ್ಬರೂ ಮೊದಲ ಹೆಸರನ್ನಷ್ಟೇ ಹೇಳಿ, ತಾನೊಬ್ಬ ಮದ್ಯವ್ಯಸನಿ ಎಂದು ಸೇರಿಸುತ್ತಾರೆ; ಉಳಿದವರು ಆ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ಆಮೇಲೆ ಐದು ಹತ್ತು ನಿಮಿಷ ಅವರ ಅನುಭವ: ಸಂಬಳದ ಕವರು ಮನೆ ತಲುಪದ ದಿನಗಳು, ಮಗನ ಶಾಲೆಯ ವಾರ್ಷಿಕೋತ್ಸವಕ್ಕೆ ತೂರಾಡುತ್ತ ಹೋದದ್ದು, ಆಮೇಲೆ ಹೇಗೆ ನಿಂತಿತು, ಈಗ ಹೇಗಿದೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಮಾತು ಮುಗಿದ ಮೇಲೆ ಸಲಹೆ ಕೊಡುವುದೂ ಇಲ್ಲ. ಹೊಸಬರು ಇವತ್ತು ಕೇಳುತ್ತೇನೆ ಎಂದಷ್ಟೇ ಹೇಳಿ ಸುಮ್ಮನೆ ಕೂರಬಹುದು. ಜಾತಿ, ಕೆಲಸ, ವಿಳಾಸ ಕೇಳುವುದಿಲ್ಲ, ಹಾಜರಿ ಪುಸ್ತಕ ಇರುವುದಿಲ್ಲ. ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಇಷ್ಟವಿದ್ದವರು ಬಾಡಿಗೆಗೆ, ಚಹಾಕ್ಕೆಂದು ಹತ್ತಿಪ್ಪತ್ತು ರೂಪಾಯಿ ಹಾಕುತ್ತಾರೆ, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಒಂದು, ಒಂದೂವರೆ ಗಂಟೆಯಲ್ಲಿ ಸಭೆ ಮುಗಿಯುತ್ತದೆ.

ಮುಗಿದ ಮೇಲಿನ ಚಹಾದ ಹೊತ್ತನ್ನು ಹೊಸಬರು ತಪ್ಪಿಸಿಕೊಳ್ಳಬಾರದು. ಹಳಬರು ಬಂದು ಮಾತಾಡಿಸುವುದು, ಫೋನ್ ನಂಬರ್ ಕೊಡುವುದು ಆಗಲೇ. ಕುಡಿಯಬೇಕೆನ್ನಿಸಿದಾಗ ಗ್ಲಾಸ್ ಎತ್ತುವ ಮುನ್ನ ಫೋನ್ ಎತ್ತಬೇಕು ಎಂಬುದು ಈ ಕೂಟಗಳ ಮೊದಲ ಪಾಠ. ಆ ಬಯಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಅಷ್ಟು ಹೊತ್ತು ಯಾರೋ ಒಬ್ಬರು ಮಾತಾಡುತ್ತಿದ್ದರೆ ಸಾಕು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಮೇಲೇರದಂತೆ ನೋಡಿಕೊಳ್ಳಬೇಕೆಂದು ಹಳಬರು ಹೇಳುತ್ತಾರೆ. ಇನ್ನು ಜೀವನಪೂರ್ತಿ ಕುಡಿಯುವುದಿಲ್ಲ ಎಂಬ ಪ್ರತಿಜ್ಞೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಇವತ್ತು ಒಂದು ದಿನ ಬೇಡ ಎನ್ನುತ್ತಾರೆ. ಆಣೆ-ಪ್ರಮಾಣಗಳಲ್ಲಿ ಬೆಳೆದ ನಮ್ಮ ಸಮಾಜಕ್ಕೆ ಇದು ತೀರ ಸಣ್ಣ ಮಾತಾಗಿ ಕೇಳಿಸಬಹುದು. ಆದರೆ ಮುರಿದ ಆಣೆಯ ಪಾಪಪ್ರಜ್ಞೆಯೇ ಮತ್ತೆ ಕುಡಿಯಲು ನೆವವಾಗುವುದನ್ನು ಕಂಡವರಿಗೆ ಈ ಸಣ್ಣ ಮಾತಿನ ಜಾಣತನ ಅರ್ಥವಾಗುತ್ತದೆ.

ಒಂದೇ ಸಭೆಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಒಂದು ಗುಂಪಿನಲ್ಲಿ ಎಲ್ಲರೂ ಅರವತ್ತು ದಾಟಿದವರಿರಬಹುದು, ಇನ್ನೊಂದರಲ್ಲಿ ಇಂಗ್ಲಿಷ್ ಮಾತೇ ಹೆಚ್ಚಿರಬಹುದು, ಮತ್ತೊಂದರಲ್ಲಿ ಒಬ್ಬರೇ ಕೊರೆಯುತ್ತಿರಬಹುದು. ನಾಲ್ಕೈದು ಕಡೆ ಹೋಗಿ ನೋಡಿ, ಹೊಂದುವ ಕಡೆ ನೆಲೆಯಾಗುವುದು ರೂಢಿ. ಆಯ್ಕೆಯಲ್ಲಿ ಸಿದ್ಧಾಂತಕ್ಕಿಂತ ಸಭೆಯ ದೂರ ಮತ್ತು ಭಾಷೆ ಮುಖ್ಯ. ಎರಡು ಬಸ್ ಬದಲಿಸಿ ಹೋಗಬೇಕಾದ ಒಳ್ಳೆಯ ಗುಂಪಿಗಿಂತ ನಡೆದು ಹೋಗಬಹುದಾದ ಸಾಧಾರಣ ಗುಂಪು ಮೇಲು, ಏಕೆಂದರೆ ಮಳೆ ಬಂದ ದಿನವೂ ಅಲ್ಲಿಗೆ ಹೋಗಲು ಸಾಧ್ಯ. ಮೊದಲ ತೊಂಬತ್ತು ದಿನ ದಿನಕ್ಕೊಂದು ಸಭೆ ಎಂಬ ಮಾತು ಎ.ಎ.ಯಲ್ಲಿದೆ, ಅದು ಬೆಂಗಳೂರಿನಲ್ಲಿ ಆಗಬಹುದು, ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೆರಡು ಸಿಕ್ಕರೂ ದೊಡ್ಡದು. ಕೆಲವು ವಾರ ಕಳೆದ ಮೇಲೆ ವರ್ಷಗಳಿಂದ ಕುಡಿಯದಿರುವ ಒಬ್ಬರನ್ನು ಸ್ಪಾನ್ಸರ್, ಅಂದರೆ ಜೊತೆಗಿದ್ದು ದಾರಿ ತೋರುವವರಾಗಿ ಆರಿಸಿಕೊಳ್ಳುತ್ತಾರೆ. ಗಂಡಸರು ಗಂಡಸರನ್ನು, ಹೆಂಗಸರು ಹೆಂಗಸರನ್ನು ಆರಿಸಿಕೊಳ್ಳುವುದು ಪದ್ಧತಿ. ಹಣ ಸಾಲ ಕೇಳುವ, ತನ್ನ ವ್ಯಾಪಾರಕ್ಕೆ ಸೇರಿಸಿಕೊಳ್ಳಲು ನೋಡುವ ಸ್ಪಾನ್ಸರನ್ನು ಕೂಡಲೇ ಬದಲಿಸಬೇಕು.

ಮತ್ತೆ ಕುಡಿಯುವುದು ಸಾಮಾನ್ಯ. ಸದಸ್ಯರು ಅದನ್ನು ಸ್ಲಿಪ್ ಎನ್ನುತ್ತಾರೆ. ಮಾರನೆಯ ದಿನವೇ ಸಭೆಗೆ ಬಂದು ಹೇಳಿಕೊಂಡವರಿಗೂ ನಾಚಿಕೆಯಿಂದ ಮೂರು ತಿಂಗಳು ಬಾರದವರಿಗೂ ವ್ಯತ್ಯಾಸ ಬಹಳ. ಕುಡಿದ ಸ್ಥಿತಿಯಲ್ಲೇ ಬಂದರೂ ಗಲಾಟೆ ಮಾಡದಿದ್ದರೆ ಹೆಚ್ಚಿನ ಗುಂಪುಗಳು ಕೂರಲು ಬಿಡುತ್ತವೆ.

ಮನೆಯವರಿಗೂ ಅವರದೇ ಕೂಟವಿದೆ. ಎ.ಎ.ಯ ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ ಮತ್ತು ಇನ್ನೊಬ್ಬ ಸದಸ್ಯರ ಪತ್ನಿ ಸೇರಿ 1951ರಲ್ಲಿ ಅಲ್-ಅನಾನ್ ಕಟ್ಟಿದರು. ಹದಿಹರೆಯದ ಮಕ್ಕಳಿಗೆಂದು 1957ರಲ್ಲಿ ಅಲಟೀನ್ ಬಂತು. ಗಂಡ ಕುಡಿತ ಬಿಡಲಿ ಬಿಡದಿರಲಿ ಹೆಂಡತಿ ಅಲ್ಲಿಗೆ ಹೋಗಬಹುದು. ಬಾಟಲಿ ಬಚ್ಚಿಡುವುದು, ಆಫೀಸಿಗೆ ಫೋನ್ ಮಾಡಿ ಜ್ವರವೆಂದು ಸುಳ್ಳು ಹೇಳುವುದು, ಅಂಗಡಿಯ ಸಾಲ ತೀರಿಸುವುದು ಇವೆಲ್ಲ ಕುಡಿತಕ್ಕೇ ನೆರವಾಗುತ್ತವೆ ಎಂಬುದನ್ನು ಅವರು ಅಲ್ಲಿ ಇತರ ಹೆಂಗಸರ ಬಾಯಿಂದ ಕೇಳುತ್ತಾರೆ. ಡಾಕ್ಟರು ಹೇಳಿದರೆ ಬೈಗುಳದಂತೆ ಕೇಳಿಸುವ ಇದೇ ಮಾತು ಅಲ್ಲಿ ಸಮಾಧಾನವಾಗುತ್ತದೆ.

ಸ್ವತಃ ಕುಡಿಯುವ ಹೆಂಗಸರ ಪಾಡು ಬೇರೆ. 2019ರ ವರದಿಯಂತೆ ಗಂಡಸರಲ್ಲಿ ಶೇ. 27.3ರಷ್ಟು, ಹೆಂಗಸರಲ್ಲಿ ಶೇ. 1.6ರಷ್ಟು ಮಂದಿ ಕುಡಿಯುತ್ತಾರೆ. ಹಾಗಾಗಿ ಸಭೆಯ ಕೋಣೆ ಗಂಡಸರಿಂದಲೇ ತುಂಬಿರುತ್ತದೆ. ಅಲ್ಲಿ ಒಬ್ಬಳೇ ಕುಳಿತು ಮನೆಯ, ಮೈಯ ಸಂಗತಿ ಹೇಳುವುದು ಸುಲಭವಲ್ಲ. ಮಹಿಳೆಯರದೇ ಸಭೆಗಳು ದೊಡ್ಡ ನಗರಗಳಲ್ಲಿ ಕೆಲವಿವೆ, ಆನ್‌ಲೈನ್‌ನಲ್ಲಿ ಹೆಚ್ಚಿವೆ. ಮದ್ಯವರ್ಜನ ಶಿಬಿರಗಳೂ ಬಹುಪಾಲು ಗಂಡಸರನ್ನೇ ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿವೆ. ಕರ್ನಾಟಕದ ಈ ಇಡೀ ವ್ಯವಸ್ಥೆಯಲ್ಲಿ ಎದ್ದು ಕಾಣುವ ಕೊರತೆ ಇದೇ.

ದೇವರ ಪ್ರಶ್ನೆ ಅನೇಕರನ್ನು ಬಾಗಿಲಲ್ಲೇ ತಡೆಯುತ್ತದೆ. ಹನ್ನೆರಡು ಹೆಜ್ಜೆಗಳಲ್ಲಿ ಅರ್ಧದಷ್ಟು ದೇವರನ್ನೋ ಮೇಲಿನ ಶಕ್ತಿಯನ್ನೋ ಕುರಿತವು. ದೇವರೆಂದರೆ ಅವರವರು ಗ್ರಹಿಸಿದಂತೆ ಎಂಬ ಮಾತನ್ನು ಎ.ಎ. ಮೊದಲಿನಿಂದಲೂ ಸೇರಿಸಿಕೊಂಡಿದೆ, ಗುಂಪನ್ನೇ ತಮ್ಮನ್ನು ಮೀರಿದ ಶಕ್ತಿ ಎಂದುಕೊಂಡು ದಶಕಗಳ ಕಾಲ ಉಳಿದ ನಾಸ್ತಿಕರೂ ಇದ್ದಾರೆ. ಧರ್ಮಸ್ಥಳದ ಶಿಬಿರದಲ್ಲಿ ಮಂಜುನಾಥ ಸ್ವಾಮಿಯ ಮೇಲಿನ ಭಕ್ತಿಯೇ ದೊಡ್ಡ ಆಧಾರ. ಭಕ್ತಿ ಇದ್ದವರಿಗೆ ಅದು ಬಲ. ಇಲ್ಲದವರು ಅದಿಲ್ಲದ ದಾರಿ ಹಿಡಿದರೆ ತಪ್ಪೇನಿಲ್ಲ.

ಈ ಗುಂಪುಗಳಿಂದ ನಿಜಕ್ಕೂ ಉಪಯೋಗವಿದೆಯೇ? ಬಹುಕಾಲ ಇದಕ್ಕೆ ಉತ್ತರವಾಗಿ ಸದಸ್ಯರ ಅನುಭವವಷ್ಟೇ ಇತ್ತು. ಒಂದು ಚಿಕಿತ್ಸೆಯ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟಾಗಿ ತೂಗಿನೋಡುವ ಕೊಕ್ರೇನ್ ಸಂಸ್ಥೆಯ 2006ರ ಪರಾಮರ್ಶೆ ಎ.ಎ.ಯ ಪರಿಣಾಮದ ಬಗ್ಗೆ ಖಚಿತ ಪುರಾವೆ ಸಿಗಲಿಲ್ಲ ಎಂದಿತ್ತು. 2020ರಲ್ಲಿ ಪ್ರಕಟವಾದ ಅದರ ಹೊಸ ಪರಾಮರ್ಶೆ 27 ಅಧ್ಯಯನಗಳ 10,565 ಮಂದಿಯ ಮಾಹಿತಿಯನ್ನು ನೋಡಿ ಚಿತ್ರ ಬದಲಿಸಿತು. ರೋಗಿಗಳನ್ನು ಎ.ಎ.ಗೆ ಜೋಡಿಸಲೆಂದೇ ಕ್ರಮಬದ್ಧವಾಗಿ ರೂಪಿಸಿದ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಕುಡಿಯದೆ ಉಳಿದವರು ಶೇ. 42, ಇತರ ಮಾನಸಿಕ ಚಿಕಿತ್ಸೆ ಪಡೆದವರಲ್ಲಿ ಶೇ. 35. ವ್ಯತ್ಯಾಸ ಪವಾಡದಷ್ಟಲ್ಲ, ಖರ್ಚನ್ನು ಲೆಕ್ಕಕ್ಕೆ ತಂದರೆ ಚಿಕ್ಕದೂ ಅಲ್ಲ. ಗುಂಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹುಡುಕಿದ ಸಂಶೋಧಕರಿಗೆ ಮುಖ್ಯವಾಗಿ ಕಂಡದ್ದು ಸಹವಾಸದ ಬದಲಾವಣೆ: ಕುಡಿಯುವ ಗೆಳೆಯರು ಕಡಿಮೆಯಾಗಿ ಕುಡಿಯದವರು ಹೆಚ್ಚಾಗುವುದು. ಅಮೆರಿಕದಲ್ಲಿ 1,726 ರೋಗಿಗಳ ಮೇಲೆ ನಡೆದ ಪ್ರಾಜೆಕ್ಟ್ ಮ್ಯಾಚ್ ಎಂಬ ದೊಡ್ಡ ಅಧ್ಯಯನದಲ್ಲಿಯೂ, ಸುತ್ತ ಕುಡಿಯುವವರೇ ತುಂಬಿದ್ದವರಿಗೆ ಎ.ಎ. ದಾರಿ ಹೆಚ್ಚು ಒಗ್ಗಿತು. ಈ ಅಧ್ಯಯನಗಳು ಬಹುಪಾಲು ಪಶ್ಚಿಮದವು. ನಮ್ಮ ಶಿಬಿರಗಳನ್ನೂ ಇಷ್ಟೇ ಕಟ್ಟುನಿಟ್ಟಾಗಿ ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಆಗಬೇಕು.

ಗುಂಪಿಗೆ ಮಿತಿಗಳೂ ಇವೆ. ತೀವ್ರ ಖಿನ್ನತೆ, ಆತ್ಮಹತ್ಯೆಯ ಯೋಚನೆ, ಬೈಪೋಲಾರ್‌ನಂಥ ಕಾಯಿಲೆ ಜೊತೆಗಿದ್ದರೆ ಸಭೆ ಮಾತ್ರ ಸಾಲದು, ಮನೋವೈದ್ಯರ ಚಿಕಿತ್ಸೆ ಬೇಕೇ ಬೇಕು. ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳು ಕುಡಿಯಬೇಕೆನ್ನುವ ಬಯಕೆಯನ್ನು, ಮರಳಿ ಬೀಳುವ ಸಾಧ್ಯತೆಯನ್ನು ಕಡಿಮೆ ಮಾಡುತ್ತವೆ. ಮಾತ್ರೆ ತೆಗೆದುಕೊಳ್ಳುವವರು ನಿಜವಾಗಿ ಬಿಟ್ಟವರಲ್ಲ ಎಂದು ಕೆಲವು ಹಳಬರು ಮೂಗು ಮುರಿಯುವುದುಂಟು. ಸದಸ್ಯರು ವೈದ್ಯರ ಕೆಲಸಕ್ಕೆ ಕೈ ಹಾಕಬಾರದೆಂದು ಎ.ಎ.ಯ ಸ್ವಂತ ಪ್ರಕಟಣೆಗಳೇ ಹೇಳುತ್ತವೆ. ಇನ್ನು ಸಭೆಗೇ ಬರಲೊಲ್ಲದವರನ್ನು ಎಳೆದುತಂದು ಕೂರಿಸಿ ಪ್ರಯೋಜನವಿಲ್ಲ. ಮನೆಯವರು ಮಾಡಬಹುದಾದದ್ದು, ಅವರು ಹೋಗುತ್ತೇನೆ ಎಂದ ದಿನ ಅದೇ ಸಂಜೆಯ ಸಭೆ ಎಲ್ಲಿದೆ ಎಂಬ ಮಾಹಿತಿಯನ್ನು ಕೈಯಲ್ಲಿಟ್ಟುಕೊಂಡಿರುವುದು. ಆ ಮನಸ್ಸು ಮರುದಿನದವರೆಗೆ ಇರುತ್ತದೆಂಬ ಭರವಸೆ ಇಲ್ಲ.

ಮಾಹಿತಿಗೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೂ, 2022ರ ಅಕ್ಟೋಬರಿನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೂ ಕರೆ ಮಾಡಬಹುದು. ಎರಡೂ ಉಚಿತ. ಟೆಲಿ-ಮಾನಸ್ ಹಗಲು ರಾತ್ರಿ ದೊರೆಯುತ್ತದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.